ನಿಂತುಕೊಳ್ಳುವ ಪಾಠ

ನಮ್ಮೂರ ಬಸ್ ನಿಲ್ದಾಣದ ಮೂಲೆಯಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಕೂರುತ್ತಾರೆ. ನನ್ನ ಚಪ್ಪಲಿ ವರ್ಷಕ್ಕೆರಡು ಸಲ ಅವರ ಕೈಗೆ ಹೋಗುತ್ತದೆ. ಯಾವಾಗಲೂ ಎಡಗಾಲಿನದು, ಯಾವಾಗಲೂ ಹಿಮ್ಮಡಿಯೇ. ಕಳೆದ ಸಲ ಅವರು ಅದನ್ನು ಮಗುಚಿ ಹಾಕಿ, ಸವೆದ ಕಡೆ ಹೆಬ್ಬೆರಳಿನಿಂದ ಒತ್ತಿ ನೋಡಿ, "ಇದು ನಡ್ದು ಸವ್ದಿದ್ದಲ್ಲ ಸಾಮಿ, ನಿಂತು ಸವ್ದಿದ್ದು" ಎಂದರು. ಇಷ್ಟು ವರ್ಷ ನನ್ನ ನಾಡಿ ಹಿಡಿದ ಯಾವ ಡಾಕ್ಟರೂ ನನ್ನ ಬಗ್ಗೆ ಇಷ್ಟು ಖಚಿತವಾಗಿ ಮಾತಾಡಿದ್ದಿಲ್ಲ.

ಅವರು ಹೇಳಿದ್ದು ನಿಜ. ನಾನು ನಿಲ್ಲುವ ಜಾತಿಯವನು. ಬ್ಯಾಂಕಿನಲ್ಲಿ ಸಾಲಾಗಿ ಕುರ್ಚಿ ಹಾಕಿ, ಕೈಗೆ ಟೋಕನ್ ಕೊಟ್ಟು, ಗೋಡೆಯ ಮೇಲೆ ಕೆಂಪು ಅಂಕಿ ಓಡಿಸುತ್ತಿದ್ದರೂ ನಾನು ಕೌಂಟರಿನಿಂದ ಎರಡು ಮಾರು ದೂರದಲ್ಲಿ ನಿಂತಿರುತ್ತೇನೆ. ಒಳಗಿದ್ದವರ ಕಣ್ಣಿಗೆ ಬೀಳಬೇಕು, ಆದರೆ ಅವರ ಕೆಲಸಕ್ಕೆ ಅಡ್ಡಿಯಾಗಬಾರದು, ಅಂಥ ಜಾಗ ಹುಡುಕಿಕೊಂಡು, ಎಡಗಾಲಿನ ಮೇಲೆ ಭಾರ ಬಿಟ್ಟು. ಜೊತೆಗೆ ಬಂದ ಮಗಳು, "ಅಪ್ಪಾ ಕೂತ್ಕೊಳ್ಳಿ, ಎಲ್ಲಾ ನೋಡ್ತಿದಾರೆ" ಎಂದು ಹಲ್ಲು ಕಚ್ಚಿಕೊಂಡು ಹೇಳುತ್ತಾಳೆ. ನೋಡಲಿ ಅಂತಲೇ ನಿಂತಿರುವುದು ಎಂದು ಅವಳಿಗೆ ಬಿಡಿಸಿ ಹೇಳುವುದು ಕಷ್ಟ. ಅವಳು ಮಗ್ಗದ ಸದ್ದಿನಲ್ಲಿ ಬೆಳೆದವಳಲ್ಲ.

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಹುಟ್ಟಿದ ಯಾರನ್ನಾದರೂ ಕೇಳಿ, ಹೇಳುತ್ತಾರೆ. ಪವರ್‌ಲೂಮ್ ಓಡುತ್ತಿರುವ ಮನೆಯಲ್ಲಿ ಕೂಗಿ ಏನೂ ಪ್ರಯೋಜನವಿಲ್ಲ. ಪಕ್ಕದಲ್ಲಿ ನಿಂತವನು ಕಿರುಚಿದರೂ ತುಟಿ ಆಡುವುದಷ್ಟೇ ಕಾಣುತ್ತದೆ. ವಿಮಾನಗಳು ನಮ್ಮ ತಲೆಯ ಮೇಲೆ ಹಾರಲು ಶುರುವಾದ ಮೇಲೆ ಹೊರಗಿನಿಂದ ಬಂದ ನೆಂಟರೆಲ್ಲ "ಏನ್ ಸದ್ದಪ್ಪಾ ಇದು, ಹೆಂಗಿರ್ತೀರಾ" ಎನ್ನುತ್ತಿದ್ದರು. ನಮ್ಮ ಬೀದಿಯವರಿಗೆ ವಿಮಾನ ಹಾರುತ್ತಿದೆ ಎಂದು ಗೊತ್ತಾಗುತ್ತಿದ್ದದ್ದು ಕರೆಂಟು ಹೋಗಿ ಮಗ್ಗ ನಿಂತಾಗ ಮಾತ್ರ. ಅಂಥ ಮನೆಯಲ್ಲಿ ನೇಯುವವನ ಹಿಂದಿನಿಂದ ಹೋಗಿ ಭುಜ ಮುಟ್ಟುವುದಂತೂ ಕೂಡದು. ಬೆಚ್ಚಿಬಿದ್ದರೆ ಕೈ ಎಲ್ಲಿಗೋ ಹೋಗುತ್ತದೆ. ಬೆರಳು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಆದ್ದರಿಂದ ಒಂದು ಕ್ರಮವಿದೆ. ಅವನ ಕಣ್ಣಿಗೆ ಬೀಳುವ ಕಡೆ ಹೋಗಿ ಸುಮ್ಮನೆ ನಿಲ್ಲಬೇಕು. ಅವನು ಒಮ್ಮೆ ತಲೆಯೆತ್ತಿ ನೋಡುತ್ತಾನೆ. ಆ ನೋಟ ಬಿತ್ತೋ, ನಿಮ್ಮ ಕೆಲಸ ಮುಗಿಯಿತು. ಅಲ್ಲಿಂದಾಚೆಗೆ ನೀವು ಅವನ ಹೊಣೆ. ಎಳೆ ನೋಡಿಕೊಂಡು, ಲಾಳಿ ಬದಲಿಸುವ ಹೊತ್ತಿಗೆ ಮಗ್ಗ ನಿಲ್ಲಿಸಿ, ಏನು ಸಮಾಚಾರ ಎಂದು ಅವನಾಗಿಯೇ ಕೇಳುತ್ತಾನೆ. ನೋಡಿಯೂ ಕೇಳದೆ ಬಿಟ್ಟವನು ನಮ್ಮ ಬೀದಿಯಲ್ಲಿ ಇರಲಿಲ್ಲ.

ನಮ್ಮಜ್ಜನ ಕಾಲದಲ್ಲಿ ಮನೆಯಲ್ಲಿ ಇದ್ದದ್ದು ಕೈಮಗ್ಗ. ಅಷ್ಟು ಸದ್ದಿರಲಿಲ್ಲ, ಆದರೂ ಕ್ರಮ ಇತ್ತು. ಜರಿ ಅಂಚು ನೇಯುವಾಗ ಅಜ್ಜ ಮನಸ್ಸಿನಲ್ಲೇ ಎಳೆ ಎಣಿಸುತ್ತಿದ್ದ. ಅಜ್ಜಿ ಊಟಕ್ಕೆ ಕರೆಯುವುದಕ್ಕೂ ಬಾಯಿ ತೆರೆಯುತ್ತಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದುರಿಗೆ ಬಂದು ನಿಂತರೆ ಮುದ್ದೆ ತಯಾರಾಗಿದೆ ಎಂದು ಅರ್ಥ. ನನಗೆ ಏಳೋ ಎಂಟೋ ವರ್ಷವಿದ್ದಾಗ ಹಿಂದಿನಿಂದ ಓಡಿಬಂದು "ತಾತಾ" ಎಂದು ಕೂಗಿಬಿಟ್ಟೆ. ಎಣಿಕೆ ತಪ್ಪಿತು. ಅಜ್ಜ ಬೈಯಲಿಲ್ಲ, ಹೊಡೆಯಲಿಲ್ಲ. ಒಂದು ಗೇಣು ಅಂಚನ್ನು ನಿಧಾನವಾಗಿ ಬಿಚ್ಚಿದ. ಬಿಚ್ಚಿ ಮುಗಿಯುವವರೆಗೂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ. ಆಮೇಲೆ, "ಇನ್ಮೇಲೆ ಎದುರಿಗೆ ಬಂದು ನಿಂತ್ಕೊಳಪ್ಪ. ನಾನು ನೋಡ್ತೀನಿ. ನೋಡ್ದೆ ಎಲ್ಲಿಗೆ ಹೋಗ್ತೀನಿ" ಎಂದ. ನನ್ನ ಭಾಷೆ, ನನ್ನ ಮರ್ಯಾದೆ, ನನ್ನ ಸುಮ್ಮನಿರುವಿಕೆ ಎಲ್ಲವೂ ಆ ಇಬ್ಬರು ಮುದುಕರಿಂದ ಬಂದದ್ದು. ಅದರಲ್ಲಿ ಯಾವುದು ಮನೆಯ ಹೊಸ್ತಿಲು ದಾಟಿದ ಮೇಲೂ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಅವರು ಹೇಳಿಕೊಡಲಿಲ್ಲ. ಅವರಿಗೂ ಗೊತ್ತಿರಲಿಲ್ಲ.

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಎಂ.ಎ.ಗೆ ಸೇರುವುದಕ್ಕೆ ವಿಶ್ವವಿದ್ಯಾಲಯಕ್ಕೆ ಹೊರಟಾಗ ಅಪ್ಪ, ಅಲ್ಲಿ ಯಾರನ್ನು ನೋಡಬೇಕು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಹೋಗಿ ನಿಂತುಕೋ, ಯಾರಾದರೂ ಕೇಳುತ್ತಾರೆ ಎಂದರು. ಹೋದೆ, ಒಂದು ಬಾಗಿಲಿನ ಮುಂದೆ ನಿಂತೆ. ಬೆಳಗಿನ ಬಸ್ಸಿಗೆ ಹೋದವನು ಮಧ್ಯಾಹ್ನದ ಊಟದ ಗಂಟೆ ಹೊಡೆಯುವವರೆಗೂ ಅದೇ ಎಡಗಾಲಿನ ಮೇಲೆ. ಒಳಗಿದ್ದ ವಯಸ್ಸಾದ ಗುಮಾಸ್ತರೊಬ್ಬರು, ಎಲೆಯಡಿಕೆಯ ಬಾಯಿ, ಮೂಗಿನ ತುದಿಗೆ ಜಾರಿದ ಕನ್ನಡಕ, ತಲೆಯೆತ್ತಿ ನೋಡಿ ನನ್ನ ಊರು ಕೇಳಿದರು. ಬಳ್ಳಾಪುರ ಎಂದೆ. "ಬೆಳಗ್ಗಿಂದ ನಿಂತಿದೀಯಲ್ಲಯ್ಯ, ಉಂಡಿದೀಯಾ?" ಎಂದರು. ತಮ್ಮ ಡಬ್ಬಿಯ ಮೊಸರನ್ನದಲ್ಲಿ ಅರ್ಧವನ್ನು ಮುಚ್ಚಳಕ್ಕೆ ಹಾಕಿ ಕೊಟ್ಟರು. ಜೊತೆಗೆ ಒಂದು ಮಿಡಿ ಉಪ್ಪಿನಕಾಯಿ. ನಾನು ಉಣ್ಣುತ್ತಿರುವಾಗ ಅವರೇ ನನ್ನ ಅರ್ಜಿ ತುಂಬಿದರು. ತಂದೆಯ ಉದ್ಯೋಗ ಎಂಬ ಕಡೆ 'ನೇಯ್ಗೆ' ಎಂದು ಎಷ್ಟು ದುಂಡಗೆ ಬರೆದರೆಂದರೆ ಅದನ್ನು ಕತ್ತರಿಸಿ ಕಟ್ಟು ಹಾಕಿಸಬೇಕು ಅನ್ನಿಸಿತ್ತು.

ಒಬ್ಬ ಪುಣ್ಯಾತ್ಮ ಒಂದು ಮಧ್ಯಾಹ್ನ ನನ್ನ ಮೇಲೆ ತೋರಿಸಿದ ಕರುಣೆಯನ್ನು ನಾನು ವಿಶ್ವವಿದ್ಯಾಲಯದ ನಿಯಮಾವಳಿ ಎಂದು ತಿಳಿದುಕೊಂಡೆ. ಎಂ.ಎ. ಮಾಡಿದವನ ಬುದ್ಧಿ ಇಷ್ಟೇನೇ ಎಂದು ನೀವು ನಕ್ಕರೆ ನನ್ನದೇನೂ ತಕರಾರಿಲ್ಲ. ತಿಳಿದುಕೊಂಡು ಸುಮ್ಮನಿದ್ದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ನಾನು ಅದನ್ನು ಪಾಠ ಮಾಡಿದೆ.

ಮುಂದೆ ನಮ್ಮೂರಿನ ಪದವಿ ಕಾಲೇಜಿನಲ್ಲೇ ಕನ್ನಡ ಮೇಷ್ಟ್ರಾದೆ. ಸಾಸಲು ಕಡೆಯ ಹಳ್ಳಿಗಳಿಂದ, ವಿಜಯಪುರದಿಂದ, ಬಾಶೆಟ್ಟಿಹಳ್ಳಿ ಕಾರ್ಖಾನೆಗಳ ಹಿಂದಿನ ವಠಾರಗಳಿಂದ ಮಕ್ಕಳು ಬರುತ್ತಿದ್ದರು. ಅರ್ಧಕ್ಕರ್ಧ ಮಕ್ಕಳ ಅರ್ಜಿಯಲ್ಲಿ ತಂದೆಯ ಸಹಿಯ ಜಾಗದಲ್ಲಿ ಹೆಬ್ಬೆಟ್ಟು. ಅವರಲ್ಲಿ ವಿಶ್ವವಿದ್ಯಾಲಯಕ್ಕೆ ಹೋಗುವ ಆಸೆ ಇದ್ದವರನ್ನು ಶನಿವಾರ ಕೊನೆಯ ಗಂಟೆಯಾದ ಮೇಲೆ ಕಾಲೇಜಿನ ಹಿಂದಿನ ಹೊಂಗೆ ಮರದ ಕೆಳಗೆ ಕೂರಿಸಿಕೊಳ್ಳುತ್ತಿದ್ದೆ. ಅರ್ಜಿ ತುಂಬುವುದು, ಯಾವ ಪತ್ರಕ್ಕೆ ಎಷ್ಟು ನಕಲು, ಯಾವ ಬಸ್ಸು, ಹಾಸ್ಟೆಲಿನಲ್ಲಿ ಏನೇನು ಕೊಡುತ್ತಾರೆ, ಇವೆಲ್ಲ ಆದಮೇಲೆ ಕೊನೆಗೆ ನನ್ನ ಪ್ರಸಿದ್ಧ ಪಾಠ. ಮಕ್ಕಳು ಅದಕ್ಕೆ 'ನಿಲ್ಲೋ ಕ್ಲಾಸು' ಎಂದು ಹೆಸರಿಟ್ಟಿದ್ದರು. ಫೈಲನ್ನು ಎದೆಗೆ ಒತ್ತಿ ಹಿಡಿಯಬೇಕು. ಗೋಡೆಗೆ ಒರಗಬಾರದು. ಮೇಜಿನ ಮೇಲಿನ ಕಾಗದಕ್ಕೆ ಇಣುಕಬಾರದು. ಅವರಾಗಿ ಕೇಳುವವರೆಗೂ ಬಾಯಿ ಬಿಡಬಾರದು. ಕೇಳಿದಾಗ ಹೆಸರು, ಊರು, ಬಂದ ಕೆಲಸ, ಇಷ್ಟು ಹೇಳಿದರೆ ಸಾಕು. ಕೊನೆಗೆ ಮೊಸರನ್ನದ ಕತೆ. ನಾನೇ ನಿಂತು ತೋರಿಸುತ್ತಿದ್ದೆ ಕೂಡ. ನನ್ನ ಹೊಟ್ಟೆ ಮುಂದೆ ಬಂದಂತೆಲ್ಲ ಫೈಲು ಎದೆಯಿಂದ ಮೇಲೆ ಮೇಲೆ ಹೋಗಿ ಗದ್ದಕ್ಕೆ ತಾಗುತ್ತಿತ್ತು ಎಂದು ಹುಡುಗರು ನಗುತ್ತಿದ್ದರು.

ನಾನು ಹೇಳುತ್ತಿರುವ ವರ್ಷ ವಿಮಾನ ನಿಲ್ದಾಣ ಬರುತ್ತೆ ಬರುತ್ತೆ ಎನ್ನುತ್ತಿದ್ದದ್ದು ಬಂದೇಬಿಟ್ಟಿತ್ತು. ಆ ವರ್ಷದ ಕ್ಲಾಸಿನಲ್ಲಿ ದೇವನಹಳ್ಳಿ ಕಡೆಯ ಮುನಿರಾಜು ಎಂಬ ಹುಡುಗನಿದ್ದ. ಅವರ ಜಮೀನೂ ವಿಮಾನದ ಕೆಳಗೆ ಹೋಗಿತ್ತು. ಬಾಯಿ ಜೋರು, ಮನಸ್ಸು ಚೊಕ್ಕ. ನಾನು ಫೈಲು ಒತ್ತಿಕೊಂಡು ನಿಂತು ತೋರಿಸುತ್ತಿದ್ದಾಗ ಅವನು, "ಸಾರ್, ಈಗ ಹಂಗೆ ಬಾಗ್ಲಲ್ಲಿ ನಿಂತ್ರೆ ವಾಚ್‌ಮನ್ ಅಂದ್ಕೊಂಡು ಗಾಡಿ ಎಲ್ಲಿ ಹಾಕ್ಬೇಕು ಅಂತ ಕೇಳ್ತಾರೆ ಅಷ್ಟೇ" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವನು ಮಾತ್ರ ನಗಲಿಲ್ಲ.

"ತಮಾಷೆಗಲ್ಲ ಸಾರ್. ನಮ್ ಜಮೀನು ಹೋದಾಗ ನಮ್ಮಪ್ಪ ಪರಿಹಾರಕ್ಕೆ ಆಫೀಸ್ ಮುಂದೆ ವರ್ಷಗಟ್ಲೆ ನಿಂತ. ನಮ್ ಚಿಕ್ಕಪ್ಪ ಒಳಕ್ ನುಗ್ಗಿ ಟೇಬಲ್ ಗುದ್ದಿದ. ಚಿಕ್ಕಪ್ಪಂದು ವಾರಕ್ಕೇ ಆಯ್ತು. ನಮ್ಮಪ್ಪ ಇನ್ನೂ ನಿಂತವ್ನೆ."

ನಾನು ಏನು ಮಾಡಬೇಕಿತ್ತು? ಆ ಹುಡುಗನನ್ನು ಮುಂದೆ ಕರೆದು, ಇವತ್ತಿನ ಪಾಠ ನೀನು ಮಾಡಪ್ಪ ಎಂದು ಹೊಂಗೆಯ ಬುಡದಲ್ಲಿ ನಾನು ಕೂರಬೇಕಿತ್ತು. ಅದು ಬಿಟ್ಟು, ಟೇಬಲ್ ಗುದ್ದುವುದಕ್ಕೆ ಓದಬೇಕಾಗಿಲ್ಲ, ಓದಿದವನ ಗುರುತು ಕಾಯುವುದರಲ್ಲಿದೆ ಎಂದು ಗಂಭೀರವಾಗಿ ಒಂದು ಮಾತು ಎಸೆದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಮುನಿರಾಜುವೂ ಸೋತವನಂತೆ ತಟ್ಟಿದ. ಚಪ್ಪಾಳೆ ಒಳ್ಳೆಯದಲ್ಲ ನೋಡಿ, ಅದರಿಂದ ಮೇಷ್ಟ್ರುಗಳು ಕೆಡುತ್ತಾರೆ.

ಚಪ್ಪಾಳೆ ತಟ್ಟದವಳು ಮುಂದಿನ ಸಾಲಿನ ಒಬ್ಬಳೇ. ಅವಳು ನನ್ನ ಮಾತನ್ನು ನೋಟುಬುಕ್ಕಿಗೆ ಇಳಿಸುತ್ತಿದ್ದಳು. ಹೆಸರು ಚೌಡೇಶ್ವರಿ. ಕಾಲೇಜಿಗೆ ಬಂದಮೇಲೆ ನಾಚಿಕೆಯಾಗಿ ಬರೀ ಈಶ್ವರಿ ಮಾಡಿಕೊಂಡಿದ್ದಳು. ಬಿ.ಎಸ್ಸಿ. ಕೊನೆಯ ವರ್ಷ. ರಸಾಯನಶಾಸ್ತ್ರದ ಮೇಷ್ಟ್ರು ಅವಳ ಉತ್ತರ ಪತ್ರಿಕೆಯನ್ನು ಸ್ಟಾಫ್ ರೂಮಿಗೆ ತಂದು ನಮಗೆಲ್ಲ ತೋರಿಸುತ್ತಿದ್ದರು. ಅವಳ ತಂದೆ ರಾಮಲಿಂಗಣ್ಣ ನನಗಿಂತ ಎರಡು ಬೀದಿ ಆಚೆಯವರು. ಮನೆಯ ಮುಂಭಾಗದಲ್ಲಿ ಎರಡು ಮಗ್ಗ, ಹಿಂಭಾಗದಲ್ಲಿ ಸಂಸಾರ. ಬೆಳಗ್ಗೆ ಲಾಳಿಗೆ ನೂಲು ಸುತ್ತಿಟ್ಟು ಕಾಲೇಜಿಗೆ ಬರುತ್ತಿದ್ದ ಹುಡುಗಿ. ಅವಳ ಬೆರಳ ತುದಿಯಲ್ಲಿ ಒಮ್ಮೆ ಕೆಂಪು, ಒಮ್ಮೆ ನೀಲಿ ಬಣ್ಣ ಹತ್ತಿರುತ್ತಿತ್ತು. ಪ್ರಯೋಗಾಲಯದ್ದೋ ಮನೆಯದ್ದೋ ಹೇಳುವುದು ಕಷ್ಟ.

ಎರಡನೇ ಮಗ್ಗಕ್ಕೆ ಬರುತ್ತಿದ್ದ ಆಳು ಆ ವರ್ಷ ವಿಮಾನ ನಿಲ್ದಾಣದಲ್ಲಿ ಸಾಮಾನಿನ ಗಾಡಿ ತಳ್ಳುವ ಕೆಲಸಕ್ಕೆ ಹೊರಟುಹೋಗಿದ್ದ. ಎಲ್ಲ ಮನೆಗಳಲ್ಲೂ ಅದೇ ಪಾಡು, ನೇಯುವುದಕ್ಕೆ ಜನ ಸಿಗುತ್ತಿರಲಿಲ್ಲ. ನಾನು ಈಶ್ವರಿಯ ಎಂ.ಎಸ್ಸಿ. ವಿಷಯ ತೆಗೆದಾಗ ರಾಮಲಿಂಗಣ್ಣ ಮಗ್ಗ ನಿಲ್ಲಿಸಿ, ಬೆವರು ಒರೆಸಿಕೊಂಡು, ಲೆಕ್ಕ ಹಾಕಿದವರಂತೆ ಹೇಳಿದರು: "ಈ ವರ್ಷ ಸೀಟಾದ್ರೆ ಹೋಗ್ಲಿ ಮೇಷ್ಟ್ರೇ. ನಾನೂ ಅವ್ರವ್ವನೂ ಹೆಂಗೋ ಎಳೀತೀವಿ. ಆಗ್ಲಿಲ್ಲ ಅಂದ್ರೆ ಎರಡ್ನೇ ಮಗ್ಗಕ್ಕೆ ಅವಳೇ ಕೂರ್ಬೇಕು. ಮುಂದಿನ್ ವರ್ಷ ನೋಡಾನ ಅಂತ ಮಾತ್ರ ನನ್ನ ಕೇಳ್ಬೇಡಿ." ಅದರಲ್ಲಿ ಕ್ರೌರ್ಯವಿರಲಿಲ್ಲ. ತನ್ನ ಕೈಲಾದ ಒಂದು ವರ್ಷವನ್ನು ಆ ಮನುಷ್ಯ ಮಗಳಿಗೆ ಬಿಡಿಸಿ ಕೊಟ್ಟಿದ್ದರು. ಒಂದೇ ವರ್ಷ.

ಸೀಟು ಆಯಿತು. ಪಟ್ಟಿಯಲ್ಲಿ ಹೆಸರು ನೋಡಿಕೊಂಡು ಬಂದವಳು ಮನೆಗೆ ಹೋಗದೆ ಸೀದಾ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ನಾನು ತಲೆಯೆತ್ತಿ ಕೇಳಿದ ಮೇಲೆ ಹೇಳಿದಳು. ಮನೆಯಲ್ಲಿ ಇನ್ನೂ ಹೇಳಿಲ್ಲವಂತೆ. ಸೇರಿದ ಚೀಟಿ ಕೈಗೆ ಬರಲಿ, ಆಮೇಲೆ ಅಪ್ಪನ ಕೈಗೇ ಕೊಡುತ್ತೇನೆ, ಮುಂಚೆಯೇ ಬೀದಿಗೆಲ್ಲ ಗೊತ್ತಾಗುವುದು ಬೇಡ ಎಂದಳು. ಮನೆಯವರಿಗೆ ತಿಳಿದಿದ್ದದ್ದು ಮಗಳು ಸೀಟಿಗೆ ಓಡಾಡುತ್ತಿದ್ದಾಳೆ ಎಂಬುದಷ್ಟೇ. ಇನ್ನು ಉಳಿದಿದ್ದದ್ದು ಸಣ್ಣ ಕೆಲಸ. ಮೂರು ದಿನದೊಳಗೆ ಪ್ರವೇಶದ ಕೊಠಡಿಗೆ ಹೋಗಿ ಮೂಲ ಪತ್ರಗಳನ್ನು ತೋರಿಸಿ ಮೊಹರು ಹಾಕಿಸಿಕೊಳ್ಳಬೇಕು. ನಾನು ಜೊತೆಗೆ ಹೋಗಬಹುದಿತ್ತು. ಪರೀಕ್ಷೆಯ ಕೆಲಸವಿತ್ತು ಎಂದು ಹೇಳಿಕೊಳ್ಳುತ್ತೇನೆ, ಇತ್ತು ಕೂಡ. ಆದರೆ ನಿಜವಾದ ಕಾರಣ ಅದಲ್ಲ. ಎಲ್ಲವನ್ನೂ ಹೇಳಿಕೊಟ್ಟಿದ್ದೇನಲ್ಲ ಎಂಬ ಧೈರ್ಯ.

ಮೊದಲನೆಯ ದಿನ ಸಂಜೆ ಕಾಯಿನ್ ಬಾಕ್ಸಿನಿಂದ ನಮ್ಮ ಮನೆಗೆ ಫೋನು ಮಾಡಿದಳು. "ಇವತ್ತು ಆಗ್ಲಿಲ್ಲ ಸಾರ್, ತುಂಬಾ ಜನ ಇದ್ರು. ಆದ್ರೆ ಅವ್ರು ನನ್ನ ನೋಡಿದ್ರು ಸಾರ್. ತಲೆಯೆತ್ತಿ ನೋಡಿದ್ರು."

"ನೋಡಿದ್ರಾ? ಹಂಗಾದ್ರೆ ಆಯ್ತು ಬಿಡಮ್ಮ. ನಾಳೆ ಕೇಳ್ತಾರೆ."

ಮಗ್ಗದ ಮನೆಯ ಇಬ್ಬರು ಮಾತಾಡಿಕೊಂಡದ್ದು ಹೀಗೆ. ನಮ್ಮ ಪಾಲಿಗೆ ವ್ಯವಹಾರ ಅಲ್ಲಿಗೆ ಮುಗಿದಿತ್ತು. ಅವಳು ಅವರ ಕಣ್ಣಿಗೆ ಬಿದ್ದಿದ್ದಾಳೆ, ಇನ್ನು ಅವರ ಹೊಣೆ.

ಎರಡನೆಯ ದಿನವೂ ಫೋನು ಬಂತು. ಆಗಲಿಲ್ಲ. ಬೇರೆ ಮಕ್ಕಳದೆಲ್ಲ ಹೇಗಾಗುತ್ತಿದೆ ಎಂದು ವಿಚಾರಿಸಿದೆ. ಅವರೆಲ್ಲ ಒಳಗೆ ಹೋಗಿ ಬರುತ್ತಿದ್ದಾರೆ, ಅವರನ್ನು ಕರೆದಿರಬೇಕು ಎಂದಳು. ಅವಳ ದನಿ ಸ್ವಲ್ಪ ಇಳಿದಿತ್ತು. ಧೈರ್ಯ ತುಂಬೋಣ ಎಂದು ನಾನು ಮೊಸರನ್ನದ ಕತೆಯನ್ನು ಇನ್ನೊಮ್ಮೆ ಶುರುಮಾಡಿದೆ. ಗುಮಾಸ್ತರ ಕನ್ನಡಕದವರೆಗೆ ಬರುವಷ್ಟರಲ್ಲಿ ಫೋನು ಕಟ್ಟಾಯಿತು. ಅವಳು ಇನ್ನೊಂದು ನಾಣ್ಯ ಹಾಕಿ, ಮತ್ತೆ ಮಾಡಿ, ಉಳಿದ ಕತೆಯನ್ನೂ ಕೇಳಿದಳು.

ನನ್ನ ಹೆಂಡತಿ ಹೊಸಕೋಟೆ ಕಡೆಯ ಬೇಸಾಯದ ಮನೆಯವಳು. ಹೊಲದ ಈ ಬದಿಯಿಂದ ಆ ಬದಿಗೆ ಕೂಗಿ ಮಾತಾಡುವ ಜನ ಅವರು. ಫೋನಿಟ್ಟ ಮೇಲೆ ಅಡುಗೆ ಮನೆಯಿಂದಲೇ, "ಆ ಮಗೂಗೆ ಬಾಯ್ಬಿಟ್ಟು ಒಂದ್ ಮಾತು ಕೇಳು ಅಂತ ಹೇಳ್ಬಾರ್ದಾ ನೀವು?" ಎಂದಳು. ನಿನಗೆ ಗೊತ್ತಾಗಲ್ಲ ಸುಮ್ಮನಿರು ಎಂದೆ.

ಮೂರನೆಯ ದಿನ ಫೋನು ಬರಲಿಲ್ಲ. ಕೆಲಸ ಆಗಿರಬೇಕು, ಸಂತೋಷದಲ್ಲಿ ಮರೆತಿದ್ದಾಳೆ ಎಂದು ನಾನೇ ತೀರ್ಮಾನಿಸಿದೆ. ಮಾರನೆಯ ಬೆಳಗ್ಗೆ ರಂಗೋಲಿ ಹಾಕಲು ಬಾಗಿಲು ತೆಗೆದ ಹೆಂಡತಿ ಓಡಿಬಂದು ನನ್ನನ್ನು ಎಬ್ಬಿಸಿದಳು. ಗೇಟಿನ ಹೊರಗೆ ಈಶ್ವರಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಗೇಟು ತಟ್ಟಿರಲಿಲ್ಲ. ಫೈಲು ಎದೆಗೆ ಒತ್ತಿತ್ತು.

ನಿನ್ನೆಯೇ ಕೊನೆಯ ದಿನವಾಗಿತ್ತು ಎಂದಳು. ಅದು ಅವಳಿಗೆ ಗೊತ್ತಿತ್ತೇ ಎಂದು ಕೇಳಿದೆ. ಹಾಗೆ ಕೇಳಿದ್ದಕ್ಕೆ ನನಗೆ ಈಗಲೂ ಮೈ ಕುಗ್ಗುತ್ತದೆ.

"ಗೊತ್ತಿತ್ತು ಸಾರ್. ನಾನು ಅಲ್ಲೇ ಇದ್ದೆನಲ್ಲ ಸಾರ್. ಸಾಯಂಕಾಲ ಅವ್ರು ಬೀಗ ಹಾಕ್ಕೊಂಡು ನನ್ ಮುಂದೇನೇ ಹೋದ್ರು. ನಾಳೆ ಕೇಳ್ತಾರೇನೋ ಅಂದ್ಕೊಂಡೆ. ಬಸ್ಸಲ್ಲಿ ಕೂತ್ಮೇಲೆ ಭಯ ಆಯ್ತು."

ಕೊನೆಯ ದಿನ ಎಂಬ ಮಾತಿಗೆ ನಮ್ಮ ಕಡೆಯ ಅರ್ಥವೇ ಬೇರೆ. ನೀವು ಹೇಳಿದ ದಿನಕ್ಕೆ ನಾನು ಬಂದಿದ್ದೇನೆ, ಎದುರಿಗಿದ್ದೇನೆ, ನೀವು ನೋಡಿದ್ದೀರಿ. ಅಂದಮೇಲೆ ನಾನು ತಪ್ಪಿಸಿಲ್ಲ. ಉಳಿದದ್ದು ನಿಮಗೆ ಬಿಟ್ಟದ್ದು. ಅವಳ ಜಾಗದಲ್ಲಿ ನಾನಿದ್ದರೂ ಹಾಗೆಯೇ ತಿಳಿಯುತ್ತಿದ್ದೆ. ತಿಳಿಯುತ್ತಿದ್ದೆ ಏನು, ಅವಳಿಗೆ ಹಾಗೆ ತಿಳಿಸಿದವನೇ ನಾನು.

ಪರೀಕ್ಷೆ ಪಕ್ಕಕ್ಕಿಟ್ಟು ಮೊದಲ ಬಸ್ಸಿಗೆ ಇಬ್ಬರೂ ಹೊರಟೆವು. ದಾರಿಯುದ್ದಕ್ಕೂ ರಸ್ತೆ ಅಗೆದು ಹಾಕಿದ್ದರು. ವಿಮಾನಕ್ಕೆ ಹೋಗುವವರಿಗೆ ತಡವಾಗಬಾರದೆಂದು ಅಗೆದದ್ದು, ಅದರಿಂದ ನಮಗೆ ತಡವಾಯಿತು. ಪ್ರವೇಶದ ಕೊಠಡಿ ಮುಟ್ಟುವಾಗ ಹನ್ನೊಂದು ದಾಟಿತ್ತು. ಒಳಗೆ ಕಂಪ್ಯೂಟರಿನ ಮುಂದೆ ಮೂವತ್ತರ ಆಸುಪಾಸಿನ ಗುಮಾಸ್ತ. ಒಂದರ ಮೇಲೊಂದು ಕಾಗದ ನೋಡಿ ಕೀ ಒತ್ತುತ್ತಿದ್ದ. ಈಗ ನಾನು ಹೇಳುವುದನ್ನು ನೀವು ನಂಬಬೇಕು. ಬಾಗಿಲವರೆಗೆ ಬಿರುಸಾಗಿ ಹೋದ ನಾನು, ಜೀವನವಿಡೀ ಪಾಠ ಹೇಳಿ ಹೊಟ್ಟೆ ಹೊರೆದ ನಾನು, ಹೊಸ್ತಿಲಿನ ಹತ್ತಿರ ಬಂದದ್ದೇ ನಿಂತುಬಿಟ್ಟೆ. ಅವನು ಕೆಲಸದಲ್ಲಿದ್ದಾನೆ, ತಲೆಯೆತ್ತಲಿ ಎಂದು ಕಾದೆ. ಅವಳು ನನ್ನ ಪಕ್ಕದಲ್ಲಿ ನಿಂತಳು. ಗುರು ಶಿಷ್ಯರಿಬ್ಬರೂ ಹಾಗೆ ಸುಮಾರು ಹೊತ್ತು ಇದ್ದೆವು. ಅವಳು ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಒಳಗೆ ಹೋದಳು.

"ಸಾರ್" ಎಂದಳು.

"ಹೇಳಮ್ಮಾ" ಎಂದು ಅವನು ತಕ್ಷಣ ತಿರುಗಿದ.

ಇಷ್ಟೇ ಇತ್ತು ಅದು. ಮೂರು ದಿನ ಅವಳು ಹೊತ್ತುಕೊಂಡು ನಿಂತಿದ್ದದ್ದು ಒಂದು ಕರೆಯಷ್ಟು ಹಗುರ. ಅವನು ಪತ್ರ ಈಸಿಕೊಂಡು ನೋಡಿದ. ಹುಬ್ಬು ಗಂಟಾಯಿತು. "ಇದು ನೆನ್ನೆಗೇ ಮುಗೀತಲ್ಲಮ್ಮಾ. ಸೀಟು ಮುಂದಿನವ್ರಿಗೆ ಹೋಯ್ತು. ಎಲ್ಲಿದ್ದೆ ಮೂರು ದಿನ?"

"ಇಲ್ಲೇ ಇದ್ದೆ ಸಾರ್."

ಅವನು ಆಗ ಅವಳ ಮುಖವನ್ನು ಸರಿಯಾಗಿ ನೋಡಿದ. ಗುರುತು ಹತ್ತಿತು, ಅದು ಹತ್ತಿದ್ದು ನನಗೂ ಕಂಡಿತು. ಕುರ್ಚಿಯಿಂದ ಎದ್ದುನಿಂತ. ಕೆಟ್ಟವನಲ್ಲ ಅವನು, ಅದನ್ನು ನಾನು ಹೇಳಲೇಬೇಕು. "ಅಯ್ಯೋ, ನೀನಾ? ನೀನು ಯಾರ ಜೊತೆಗೋ ಬಂದಿದೀಯ ಅಂದ್ಕೊಂಡೆ ಕಣಮ್ಮ. ಒಂದ್ ಮಾತು ಕೇಳ್ಬಾರ್ದಿತ್ತಾ? ಎರಡು ನಿಮಿಷದ್ ಕೆಲಸ" ಎಂದವನು ಊಟಕ್ಕೂ ಹೋಗದೆ ನಮ್ಮನ್ನು ಮಹಡಿಯ ಮೇಲಿನ ಅಧಿಕಾರಿಯ ಹತ್ತಿರ ಕರೆದುಕೊಂಡು ಹೋದ. ತನ್ನ ಕಣ್ಣಿಗೆ ಬಿದ್ದಿದ್ದಳು, ತಾನು ಕೇಳಲಿಲ್ಲ ಎಂದು ತಾನಾಗಿ ಒಪ್ಪಿಕೊಂಡ. ಅಧಿಕಾರಿ ಪೂರ್ತಿ ಕೇಳಿಸಿಕೊಂಡರು. ನಮ್ಮನ್ನು ಕೂರಿಸಿದರು. ಪಟ್ಟಿಯಲ್ಲಿ ಮುಂದಿದ್ದ ಹುಡುಗ ಆವತ್ತು ಬೆಳಗ್ಗೆಯೇ ಬಂದು ಸೇರಿಬಿಟ್ಟಿದ್ದ. ಅವನನ್ನು ಏಳಿಸಿ ಕಳಿಸಲು ತಮ್ಮಿಂದಾಗದು ಎಂದರು. "ಅವನೂ ಹಳ್ಳಿ ಹುಡುಗನೇ ಮೇಷ್ಟ್ರೇ, ಅಪ್ಪ ಕುರಿ ಕಾಯ್ತಾರಂತೆ" ಎಂದರು. ಬೈಯುವುದಕ್ಕೆ ಒಬ್ಬನಾದರೂ ಕೆಟ್ಟವನು ಸಿಕ್ಕಿದ್ದರೆ ಆ ದಿನ ಎಷ್ಟೋ ಸುಲಭವಾಗುತ್ತಿತ್ತು.

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ, ನಾನು ಈ ಕಡೆ. ಯಲಹಂಕ ದಾಟಿತು. ಆಮೇಲೆ ಅವಳು ಹೊರಗೇ ನೋಡುತ್ತ ಕೇಳಿದಳು: "ಸಾರ್, ಆವತ್ತು ಅವ್ರು ನಿಮ್ಮನ್ನ ಉಂಡಿದೀಯಾ ಅಂತ ಕೇಳ್ದೇ ಇದ್ದಿದ್ರೆ ಏನ್ ಮಾಡ್ತಿದ್ರಿ?"

ಇಷ್ಟು ವರ್ಷ ಆ ಕತೆಯನ್ನು ಎಷ್ಟು ಸಲ ಹೇಳಿದ್ದೆನೋ. ಈ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

"ವಾಪಸ್ ಬಂದು ಮಗ್ಗಕ್ಕೆ ಕೂರ್ತಿದ್ದೆ ಕಣಮ್ಮ" ಎಂದೆ.

ಅವಳು ತಲೆಯಾಡಿಸಿದಳು, ಲೆಕ್ಕಕ್ಕೆ ಉತ್ತರ ಸರಿಬಂತು ಎನ್ನುವ ಹಾಗೆ. ಇದರ ಮುಂದಿನ ಪ್ರಶ್ನೆ ಒಂದಿದೆ, ಹಾಗಾದರೆ ನಮಗೆ ಯಾಕೆ ಅದನ್ನು ಹೇಳಿಕೊಟ್ಟಿರಿ ಎಂಬುದು. ಊರು ಬರುವವರೆಗೂ ಅದಕ್ಕಾಗಿ ಕಾದು ಕೂತಿದ್ದೆ. ಅವಳು ಕೇಳಲಿಲ್ಲ.

ಅವರ ಮನೆ ಬಾಗಿಲಿಗೆ ಬಂದಾಗ ರಾಮಲಿಂಗಣ್ಣ ನಮ್ಮನ್ನು ಕಂಡು ಓಡುತ್ತಿದ್ದ ಒಂದು ಮಗ್ಗವನ್ನೂ ನಿಲ್ಲಿಸಿದರು. ಸದ್ದು ಒಮ್ಮೆಗೇ ನಿಂತಾಗ ಕಿವಿಯೊಳಗೆ ಒಂಥರಾ ನೋವಾಗುತ್ತದೆ, ಮಗ್ಗದವರಿಗೆ ಗೊತ್ತು. ಏನಾಯಿತು ಎಂದು ಅವರು ಕೇಳಿದ್ದು ನನ್ನನ್ನು. ನಾನು ಹೇಳಬೇಕೆಂದೇ ಬಂದಿದ್ದೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ: ತಪ್ಪು ನಿಮ್ಮ ಮಗಳದ್ದಲ್ಲ ರಾಮಲಿಂಗಣ್ಣ, ನನ್ನದು. ಅದರ ಮೊದಲ ಅಕ್ಷರ ಬಾಯಿಗೆ ಬರುವ ಮುಂಚೆ ಅವಳು ಹೇಳಿಬಿಟ್ಟಳು.

"ಮಾರ್ಕ್ಸ್ ಸಾಲ್ಲಿಲ್ಲ ಅಪ್ಪ. ಲಿಸ್ಟಲ್ಲಿ ಹೆಸರು ಬರ್ಲಿಲ್ಲ. ಸಾರ್ ಪಾಪ ಅಲ್ಲಿಗಂಟ ಬಂದು ಎಷ್ಟೋ ಕೇಳಿದ್ರು."

ಯಾಕೆ ಹಾಗೆಂದಳು ಎಂದು ಆಮೇಲೆ ನಾನು ಬೇಕಾದಷ್ಟು ಯೋಚಿಸಿದ್ದೇನೆ. ಬಂದ ಸೀಟು ಹೀಗೆ ಹೋಯಿತೆಂದರೆ ಆ ಮನುಷ್ಯ ಸಾಯುವವರೆಗೂ ಕೊರಗುತ್ತಾರೆ ಎಂದು ಇರಬಹುದು. ನಿಜ ತಿಳಿದರೆ ನಮ್ಮ ಬೀದಿಗಳಲ್ಲಿ ಯಾರೂ ಮಕ್ಕಳನ್ನು ನನ್ನ ಹತ್ತಿರ ಕಳಿಸುವುದಿಲ್ಲ ಎಂದೂ ಇರಬಹುದು. ಅಥವಾ ಮೇಷ್ಟ್ರು ಅಪ್ಪನ ಮುಂದೆ ತಲೆತಗ್ಗಿಸಿ ನಿಲ್ಲುವುದನ್ನು ನೋಡಲು ಅವಳಿಗೆ ಇಷ್ಟವಿರಲಿಲ್ಲವೋ ಏನೋ. ಕಾರಣ ಏನೇ ಇರಲಿ, ನನಗಾಗಿ ಅವಳು ತನ್ನ ಮೂರು ವರ್ಷದ ಓದನ್ನೇ ದಡ್ಡತನ ಮಾಡಿ ಅಪ್ಪನ ಮುಂದೆ ಇಟ್ಟಳು.

ರಾಮಲಿಂಗಣ್ಣ ಮಗ್ಗದ ಮೇಲಿನ ಬಟ್ಟೆಯನ್ನು ಸವರಿದರು. "ಹೋಗ್ಲಿ ಬಿಡು. ನಮ್ಮಂಥೋರಿಗೆ ಅಷ್ಟು ಸಲೀಸಾಗಿ ಬತ್ತದಾ" ಎಂದರು. ಆಮೇಲೆ, ಮೇಷ್ಟ್ರು ಬಿಸಿಲಲ್ಲಿ ಬಂದಿದ್ದಾರೆ, ಮಜ್ಜಿಗೆ ಕೊಡು ಎಂದರು. ಅವಳು ತಂದಳು. ಉಪ್ಪು, ಕೊತ್ತಂಬರಿ, ಒಂದಿಷ್ಟು ಶುಂಠಿ. ಆ ಲೋಟ ಮುಗಿಯುವವರೆಗೂ ನನಗೆ ಸಮಯವಿತ್ತು. ಒಂದೊಂದು ಗುಟುಕಿಗೂ ಹೇಳಬಹುದಿತ್ತು. ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಬರ್ತೀನಿ ಎಂದು ಎದ್ದು ಬಂದೆ. ಬೀದಿ ತಿರುಗುವಷ್ಟರಲ್ಲಿ ಒಂದು ಮಗ್ಗ ಶುರುವಾಯಿತು. ಇನ್ನೂ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಎರಡನೆಯದೂ.

ನಿಲ್ಲೋ ಕ್ಲಾಸು ಅಲ್ಲಿಗೆ ನಿಂತಿತು. ಅಲ್ಲಿಂದ ನಿವೃತ್ತನಾಗುವವರೆಗೆ ಒಂದು ಮಗುವನ್ನೂ ಒಂಟಿಯಾಗಿ ಕಳಿಸಲಿಲ್ಲ. ರಜೆ ಹಾಕಿ ನಾನೇ ಜೊತೆಗೆ ಹೋದೆ. ಆಗದಿದ್ದಾಗ ಮುನಿರಾಜುವನ್ನು ಕಳಿಸಿದೆ. ಅವನು ಅಷ್ಟರಲ್ಲಿ ಎಂ.ಕಾಂ. ಸೇರಿ, ಅಲ್ಲಿನ ಎಲ್ಲ ಬಾಗಿಲುಗಳಿಗೂ ಪರಿಚಿತನಾಗಿದ್ದ. ಹೊಂಗೆ ಮರದ ಕೆಳಗೆ ಮಕ್ಕಳಿಗೆ ಜೋರಾಗಿ 'ಸಾರ್' ಎಂದು ಕೂಗುವ ಅಭ್ಯಾಸ ಮಾಡಿಸುತ್ತಿದ್ದೆ. ದಾರಿಯಲ್ಲಿ ಹೋಗುವವರು ಮೇಷ್ಟ್ರಿಗೆ ಏನೋ ಆಗಿದೆ ಎಂದುಕೊಂಡರು. ಎಷ್ಟೋ ಮಕ್ಕಳು ಹೋಗಿ ಸೇರಿದರು, ಓದಿದರು, ಈಗ ಮೇಷ್ಟ್ರುಗಳೂ ಆಗಿದ್ದಾರೆ. ಒಬ್ಬರು ಸೇರಿದ ಚೀಟಿ ತಂದು ತೋರಿಸಿದಾಗಲೆಲ್ಲ ಸಂತೋಷವಾಗುತ್ತಿತ್ತು. ಈಶ್ವರಿಗೆ ಅದರಿಂದ ಏನೂ ಆಗುತ್ತಿರಲಿಲ್ಲ.

ಹೋದ ವರ್ಷ ರಾಮಲಿಂಗಣ್ಣ ತೀರಿಕೊಂಡರು. ತಿಥಿ ಊಟಕ್ಕೆ ಕರೆದಿದ್ದರು, ಹೋಗಿದ್ದೆ. ಮಗ್ಗಗಳ ಮೇಲೆ ಬಟ್ಟೆ ಹೊದಿಸಿ, ಅದೇ ಜಾಗದಲ್ಲಿ ಪಂಕ್ತಿ ಹಾಕಿದ್ದರು. ನನ್ನ ಪಕ್ಕದ ಎಲೆಯಲ್ಲಿ ಬೀದಿಯ ಹಿರಿಯರೊಬ್ಬರು. ಸತ್ತವರ ಗುಣಗಾನ ನಡೆಯುತ್ತಿತ್ತು. ಅವರು ನನ್ನ ಕಡೆ ತಿರುಗಿ, "ಮಗಳನ್ನ ದೊಡ್ಡ ಓದು ಓದಿಸ್ಬೇಕು ಅಂತ ಭಾಳ ಆಸೆ ಇತ್ತು ರಾಮಲಿಂಗಂಗೆ. ಏನ್ ಮಾಡೋದು, ಹುಡ್ಗಿಗೆ ತಲೆ ಸಾಲ್ಲಿಲ್ಲ. ಅಲ್ವ್ರಾ ಮೇಷ್ಟ್ರೇ?" ಎಂದರು. ಈಶ್ವರಿ ಆಗ ನಮ್ಮ ಸಾಲಿಗೆ ಹುಳಿ ಬಡಿಸುತ್ತ ಬಂದಿದ್ದಳು. ಕೇಳಿಸಿತು. ಅವಳ ಸೌಟು ಒಂದು ಚೂರೂ ಅಲುಗಲಿಲ್ಲ. ನನ್ನ ಎಲೆಗೆ ಬಡಿಸಿ, ಅವರ ಎಲೆಗೆ ಬಡಿಸಿ, "ಅನ್ನ ತರ್ಸ್ಲಾ ದೊಡ್ಡಪ್ಪ?" ಎಂದು ಅವರನ್ನು ಕೇಳಿ ಮುಂದಕ್ಕೆ ಹೋದಳು.

ನಾನು ಹೂಂ ಎನ್ನಲಿಲ್ಲ. ಇಲ್ಲ ಎನ್ನಲೂ ಇಲ್ಲ. ಎಲೆಯಲ್ಲಿದ್ದದ್ದನ್ನು ಉಂಡೆ. ನಾಲ್ಕು ಜನರ ಮುಂದೆ ನಾನು ಹೇಳದೆ ಬಂದದ್ದನ್ನು ಇಲ್ಲಿ ಹೇಳುತ್ತೇನೆ. ಹುಡುಗಿಗೆ ತಲೆ ಸಾಲದೆ ಇರಲಿಲ್ಲ. ಆ ವರ್ಷ ರಸಾಯನಶಾಸ್ತ್ರದ ಪಟ್ಟಿಯಲ್ಲಿ ಚೌಡೇಶ್ವರಿ ಎಂಬ ಹೆಸರು ನಾಲ್ಕನೆಯದಾಗಿತ್ತು.